ಎರಡು ಸುತ್ತು, ಎರಡು ಸಲ

ನಿವೃತ್ತರಾದವರು ಅನುಭವ ಬರೆಯಲು ಕೂತರೆ, ತಾವಿಲ್ಲದಿದ್ದರೆ ಇಲಾಖೆ ಮುಳುಗಿಹೋಗುತ್ತಿತ್ತು ಎಂದು ಮೊದಲ ಪುಟದಲ್ಲೇ ಬರೆಯುವುದು ರೂಢಿ. ನಾನಿದ್ದೂ ಮುಳುಗಿತು. ಇಲಾಖೆಯಲ್ಲ, ಅದು ಅಷ್ಟು ಸುಲಭವಾಗಿ ಮುಳುಗುವ ಪೈಕಿ ಅಲ್ಲ. ಮುಳುಗಿದ್ದು ದೋರನಹಳ್ಳಿ ಕಡೆಯ ಒಂದಷ್ಟು ಭತ್ತದ ಗದ್ದೆ, ಒಂದು ಬಂಡಿದಾರಿ ಮತ್ತು ಮಾನಪ್ಪ ಎಂಬ ಗೇಟ್‌ಮನ್ನನ ನೌಕರಿ. ಕಾಲುವೆ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಬಿಟ್ಟಿದ್ದೇನೆ. ಶಾಲು ಹೊದಿಸಿದವರಿಗೇ ಅದು ಮರೆತಿದೆ.

ನಾನು ಸುರಪುರದವಳು. ಡಿಪ್ಲೊಮಾ ಓದಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎಂಬ ಹುದ್ದೆಗೆ ಶಹಾಪುರದ ಹತ್ತಿರದ ಒಂದು ಕಾಲುವೆ ಕ್ಯಾಂಪಿಗೆ ಬಂದೆ. ಆ ಕಚೇರಿ ಈಗ ಇಲ್ಲ, ಹೆಸರು ಬೇಡ. ಸೇರಿದ ದಿನ ಅಲ್ಲಿನ ಸಾಹೇಬರು ನನ್ನ ಪ್ರಮಾಣಪತ್ರಗಳನ್ನು ಒಂದೊಂದಾಗಿ ನೋಡಿ, ಬಹಳ ಚೆನ್ನಾಗಿದೆ ಎಂದು ತಲೆಯಾಡಿಸಿ, ತಮ್ಮ ತಲೆಯ ಮೇಲಿನ ಫ್ಯಾನು ತಿರುಗುತ್ತಿಲ್ಲ ಎಂದರು. ಫ್ಯಾನು ಎಲೆಕ್ಟ್ರಾನಿಕ್ಸ್ ಅಲ್ಲ ಎಂದೆ. ಕರೆಂಟಿನ ಮೇಲೆ ನಡೆಯುವುದೆಲ್ಲ ಒಂದೇ ಎಂದರು. ಅಲ್ಲಿಂದ ಮುಂದೆ ನಾನು ಫ್ಯಾನು, ಕರೆಗಂಟೆ, ಸಾಹೇಬರ ಮನೆಯ ಮಿಕ್ಸರು, ಅವರ ಅಳಿಯನ ಟೇಪ್ ರೆಕಾರ್ಡರು ಇಷ್ಟನ್ನು ರಿಪೇರಿ ಮಾಡಿದೆ. ಉಳಿದ ಹೊತ್ತಿನಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದೆ ಕೂರಬೇಕು. ಹುದ್ದೆ ಒಂದು, ಕೆಲಸ ನಾಲ್ಕು, ಬೈಗುಳ ಎಲ್ಲದಕ್ಕೂ ಬೇರೆ ಬೇರೆ.

ವೈರ್‌ಲೆಸ್ ಕೆಲಸ ಕಲಿಸಿದವರು ಖಾದರ್ ಸಾಬರು. ಸೆಟ್ಟಿನ ಮುಂದೆ ಕೂತು ಕೂತು ಅವರಿಗೆ ಮನೆಯಲ್ಲೂ ಪ್ರತಿ ಮಾತಿನ ಕೊನೆಗೆ ‘ಓವರ್’ ಎನ್ನುವ ಚಾಳಿ ಹತ್ತಿತ್ತು. ಅವರು ಕಲಿಸಿದ ಮೊದಲ ಪಾಠ, ಆ ಕಡೆಯಿಂದ ಉತ್ತರ ಬರದಿದ್ದರೆ ಮತ್ತೊಮ್ಮೆ ಹೇಳು ಎಂಬುದು. ‘ಎರಡ ಸಲ ಹೇಳಿದ್ರ ಏನೂ ಕೆಡಂಗಿಲ್ಲವಾ. ಹೇಳದಿದ್ರ ಕೆಡ್ತದ,’ ಎನ್ನುತ್ತಿದ್ದರು. ನೋಡಿದರೆ ಎಷ್ಟು ನಿರಪಾಯದ ಮಾತು. ನಾನು ಹದಿನೈದು ವರ್ಷ ಅದನ್ನು ವೇದವಾಕ್ಯದಂತೆ ಪಾಲಿಸಿದೆ.

ಇನ್ನು ಗೇಟುಗಳ ವಿಷಯ. ದೊಡ್ಡ ಕಾಲುವೆಯಿಂದ ಉಪಕಾಲುವೆಗೆ ನೀರು ಬಿಡುವ ಕಡೆ ಒಂದು ಕಬ್ಬಿಣದ ಹಲಗೆ ಇರುತ್ತದೆ. ಮೇಲೆ ಉದ್ದನೆಯ ತಿರುಪು, ಅದರ ತುದಿಗೆ ಚಕ್ರ. ಚಕ್ರ ತಿರುಗಿಸಿದರೆ ಹಲಗೆ ಏರುತ್ತದೆ, ನೀರು ಹರಿಯುತ್ತದೆ. ಗೇಟು ಎಷ್ಟು ಎತ್ತಿದೆ ಎಂದು ನೋಡಲು ಪಕ್ಕದ ಕಲ್ಲಿನ ಮೇಲೆ ಅಡಿ, ಅಂಗುಲದ ಗುರುತು ಬರೆದಿದ್ದರಂತೆ. ನಾನು ಸೇರುವ ಹೊತ್ತಿಗೆ ಆ ಬಣ್ಣ ತೊಳೆದುಹೋಗಿ, ಅಲ್ಲಿ ಯಾವುದೋ ಬೀಜದ ಕಂಪನಿಯ ಜಾಹೀರಾತು ಇತ್ತು. ಹಾಗಾಗಿ ಇಲಾಖೆಯಲ್ಲಿ ಗೇಟಿನ ಲೆಕ್ಕವೆಲ್ಲ ಸುತ್ತಿನಲ್ಲಿ. ಎರಡು ಸುತ್ತು ಬಿಡು, ಮೂರು ಸುತ್ತು ಇಳಿಸು. ಬಿಡುವ ಮುಂಚೆ ಅದು ಎಲ್ಲಿತ್ತು ಎಂದು ಕೇಳಿದವರು ಯಾರೂ ಇರಲಿಲ್ಲ. ಸಾಹೇಬರಿಗೆ ಗೊತ್ತಿರಲಿಲ್ಲ, ಸಾಹೇಬರ ಮೇಲಿನ ಸಾಹೇಬರಿಗಂತೂ ಗೇಟು ಇದೆ ಎಂಬುದೇ ನಕ್ಷೆ ನೋಡಿ ಗೊತ್ತು. ಗೇಟು ಎಲ್ಲಿದೆ ಎಂದು ತಿಳಿದಿದ್ದವನು ಚಕ್ರ ತಿರುಗಿಸುವವನೊಬ್ಬನೇ. ಅವನನ್ನು ಕೇಳುವುದು ಸಾಹೇಬರ ದರ್ಜೆಗೆ ತಕ್ಕದ್ದಲ್ಲ.

ದೋರನಹಳ್ಳಿ ಕಡೆಯ ಗೇಟಿಗೆ ಚಕ್ರ ತಿರುಗಿಸುವವನು ಮಾನಪ್ಪ. ಕೊಂಕಲ್‌ನವನು, ದಿನಗೂಲಿಯ ಮೇಲೆ ಇದ್ದವನು, ಕಾಲುವೆ ದಂಡೆಯ ಮೇಲೊಂದು ತಗಡಿನ ಶೆಡ್ಡಿನಲ್ಲಿ ವಾಸ. ಖಾಯಂ ಮಾಡುತ್ತೇವೆ ಎಂದು ಪ್ರತಿ ಸಾಹೇಬರೂ ಹೇಳಿ, ಬದಲಿಯಾಗಿ ಹೋಗುವಾಗ ಮುಂದಿನವರು ಮಾಡುತ್ತಾರೆ ಎಂದೂ ಹೇಳಿ ಹೋಗುತ್ತಿದ್ದರು. ಮಾನಪ್ಪ ಹೆಚ್ಚು ಮಾತಿನವನಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಇಲಾಖೆಯಲ್ಲಿ ಇದು ಅಪಾಯದ ಗುಣ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಾನು ಸೇರಿ ಹದಿನೈದು ವರ್ಷವಾಗಿದ್ದಾಗ ಒಂದು ದಿನ ಬೆಳಗ್ಗೆ ಹತ್ತರ ಸುಮಾರಿಗೆ ಆಗಿನ ಸಾಹೇಬರು ಒಳಗಿನಿಂದಲೇ ಕೂಗಿ, ದೋರನಹಳ್ಳಿ ಗೇಟು ಎರಡು ಸುತ್ತು ಬಿಡಿಸು ಎಂದರು. ನಾನು ಸೆಟ್ಟಿನಲ್ಲಿ ಹೇಳಿದೆ. ಆ ಕಡೆಯಿಂದ ಎಣ್ಣೆಯಲ್ಲಿ ಮೆಣಸಿನಕಾಯಿ ಬಿದ್ದಂತೆ ಚರಚರ ಸದ್ದು ಬಂತೇ ಹೊರತು ಮಾನಪ್ಪನ ‘ಆತ್ರಿ’ ಕೇಳಲಿಲ್ಲ. ಬ್ಯಾಟರಿ ಬದಲಿಸಿ, ತಂತಿ ಅಲ್ಲಾಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಕರೆದೆ. ದೋರನಹಳ್ಳಿ ಗೇಟು, ಎರಡು ಸುತ್ತು ಬಿಡು. ಈ ಸಲ ‘ಆತ್ರಿ’ ಸ್ಪಷ್ಟವಾಗಿ ಕೇಳಿತು. ನಾನು ಲಾಗ್ ಬುಕ್ಕಿನಲ್ಲಿ ಒಂದು ಸಾಲು ಬರೆದು ಚಹಾ ಕುಡಿಯಲು ಹೋದೆ.

ಮಧ್ಯಾಹ್ನದ ಹೊತ್ತಿಗೆ ಉಪಕಾಲುವೆಯ ದಂಡೆ ಒಡೆಯಿತು. ತೆನೆ ಹಿಡಿಯುತ್ತಿದ್ದ ಭತ್ತ ಮಲಗಿತು, ಬಂಡಿದಾರಿ ಹಳ್ಳವಾಯಿತು. ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ, ಅಷ್ಟು ಪುಣ್ಯ. ರೈತರು ಟ್ರ್ಯಾಕ್ಟರಿನಲ್ಲಿ ಬಂದು ಕಚೇರಿಯ ಮುಂದೆ ಕೂತರು. ದಂಡೆಯನ್ನು ಕಟ್ಟಿದ ಗುತ್ತಿಗೆದಾರ ಯಾರು, ಅದರಲ್ಲಿ ಮಣ್ಣೆಷ್ಟು ಇತ್ತು ಎಂಬ ಪ್ರಶ್ನೆಗಳನ್ನು ಅವರು ಕೇಳತೊಡಗಿದಾಗ ಸಾಹೇಬರು ತಕ್ಷಣ ವಿಚಾರಣೆಗೆ ಆದೇಶಿಸಿದರು. ನಮ್ಮಲ್ಲಿ ವಿಚಾರಣೆ ಎಂದರೆ ಪ್ರಶ್ನೆಗಳನ್ನು ನಿಲ್ಲಿಸುವ ವಿಧಾನ.

ವಿಚಾರಣೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದರು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಆ ದಿನ ದೋರನಹಳ್ಳಿ ಗೇಟಿಗೆ ಎಷ್ಟು ಆದೇಶ ಕೊಟ್ಟಿರಿ? ಒಂದು, ಎಂದೆ. ಲಾಗ್ ಬುಕ್ಕು ತೋರಿಸಿದೆ, ಅದರಲ್ಲೂ ಒಂದೇ. ಸಹಿ ಮಾಡಿಸಿಕೊಂಡು ಕಳಿಸಿದರು. ಮಾನಪ್ಪ ಹೊರಗೆ ಬೆಂಚಿನ ಪಕ್ಕದಲ್ಲಿ ನಿಂತಿದ್ದ. ಬೆಂಚು ಖಾಲಿಯಿತ್ತು, ಆದರೂ ನಿಂತಿದ್ದ. ನನ್ನನ್ನು ನೋಡಿ ನಮಸ್ಕಾರ ಮಾಡಿದ. ಸಂಜೆ ಗುಮಾಸ್ತರು, ನಾಲ್ಕು ಸುತ್ತು ಬಿಟ್ಟು ಕೂತಿದ್ದಾನೆ, ಕೇಳಿದರೆ ಎರಡು ಆದೇಶ ಬಂದವು ಎನ್ನುತ್ತಾನೆ, ಎಷ್ಟು ಏರಿಸಿದ್ದನೋ ಏನೋ ಎಂದು ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿ ನಕ್ಕರು. ನಾನೂ ನಕ್ಕೆ.

ಎರಡು ಸಲ ಹೇಳಿದ್ದು ನನಗೆ ನೆನಪಿರಲಿಲ್ಲವೇ ಎಂದು ನೀವು ಕೇಳಬಹುದು. ನೆನಪಿತ್ತು. ಹೇಳಿದ್ದನ್ನೇ ತಿರುಗಿ ಹೇಳುವುದು ಇನ್ನೊಂದು ಆದೇಶ ಎಂದು ಹೊಳೆಯಲಿಲ್ಲ, ಅಷ್ಟೇ. ಹೊಳೆಯದಿದ್ದದ್ದು ನನಗೆ ಅನುಕೂಲವೂ ಆಗಿತ್ತು. ಮನುಷ್ಯನಿಗೆ ಕೆಲವು ವಿಷಯ ತಡವಾಗಿ ಹೊಳೆಯುವುದು ಬುದ್ಧಿ ಮಂದವಾಗಿ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮಾನಪ್ಪನನ್ನು ಕೆಲಸದಿಂದ ತೆಗೆದರು. ಅವನು ಹಾಸಿಗೆ ಸುತ್ತಿಕೊಂಡು, ಶೆಡ್ಡಿನ ಕೀಲಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದ.

ಆ ಘಟನೆಯಾದ ಮೇಲೆ ನಮ್ಮ ಸಾಹೇಬರಿಗೆ ಜ್ಞಾನೋದಯವಾಯಿತು. ಮನುಷ್ಯ ಇದ್ದರೆ ತಾನೇ ತಪ್ಪು, ಮನುಷ್ಯನೇ ಇರದಿದ್ದರೆ? ಕಚೇರಿಯಲ್ಲಿ ಕೂತು ಗುಂಡಿ ತಿರುಗಿಸಿದರೆ ದೋರನಹಳ್ಳಿಯಲ್ಲಿ ಗೇಟು ಏಳಬೇಕು. ಇದರ ಒಂದು ಮಾದರಿ ಮಾಡಿ ದೊಡ್ಡ ಸಾಹೇಬರು ಬಂದಾಗ ತೋರಿಸಬೇಕು. ದೊಡ್ಡ ಸಾಹೇಬರು ಎಂದರೆ ನಮ್ಮ ಕಾಲುವೆಗಳಿಗೆಲ್ಲ ಮುಖ್ಯಸ್ಥರು. ಮಾದರಿ ಮಾಡುವವರು ಯಾರು? ಅದೂ ಕರೆಂಟಿನ ಮೇಲೆ ನಡೆಯುವುದೇ ಅಲ್ಲವೇ.

ಸಾಹೇಬರು ಹೈದರಾಬಾದಿಗೆ ಮದುವೆಗೆ ಹೋದವರು ಅಲ್ಲಿಯ ಬಜಾರಿನಿಂದ ಒಂದು ಪೊಟ್ಟಣ ತಂದುಕೊಟ್ಟರು. ಅದರಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ನೀಲಿ ಮೋಟಾರುಗಳು. ಆಟಿಕೆ ವಿಮಾನದ ರೆಕ್ಕೆ ಅಲ್ಲಾಡಿಸಲು, ಆಟಿಕೆ ಕಾರಿನ ಚಕ್ರ ಹೊರಳಿಸಲು ಬಳಸುವಂಥವು. ಹೆಸರು ಸರ್ವೋ. ಮೇಲೆ ಪ್ಲಾಸ್ಟಿಕ್ಕಿನ ಪುಟ್ಟ ತೋಳು, ಕೆಳಗೆ ಮೂರು ತಂತಿ. ಬಳಸುವ ವಿಧಾನ ಬರೆದ ಕಾಗದ ಒಂದು ಬೆರಳಗಲ ಇತ್ತು, ಅದೂ ಚೀನಿ ಭಾಷೆಯಲ್ಲಿ.

ಮೊದಲನೆಯದನ್ನು ಒಂದೇ ದಿನಕ್ಕೆ ಸುಟ್ಟೆ. ಕೆಂಪು ತಂತಿಗೆ ಕೊಡಬೇಕಾದ್ದನ್ನು ಕಂದು ತಂತಿಗೆ ಕೊಟ್ಟು, ಹೊಗೆ ಬಂದ ಮೇಲೆ ತಪ್ಪು ತಿಳಿಯಿತು. ಹದಿನೈದು ವರ್ಷ ಸರ್ವಿಸಿನ ಮೆಕ್ಯಾನಿಕ್ ಮಾಡುವ ತಪ್ಪಲ್ಲ ಇದು, ಆದರೂ ಮಾಡಿದೆ. ಸಾಹೇಬರಿಗೆ, ಒಂದರಲ್ಲಿ ಕಂಪನಿಯಿಂದಲೇ ದೋಷವಿತ್ತು ಎಂದೆ. ಅವರು ನಂಬಿದರು.

ಎರಡನೆಯದನ್ನು ಹುಷಾರಾಗಿ ಹಿಡಿದೆ. ಕೆಂಪು, ಕಂದು ಸರಿಯಾಗಿ ಕೊಟ್ಟು, ಮೂರನೆಯ ಕಿತ್ತಳೆ ತಂತಿಗೆ ಕರೆಗಂಟೆಯ ಒತ್ತುಗುಂಡಿ ಜೋಡಿಸಿದೆ. ನಮ್ಮ ತಲೆಯಲ್ಲಿ ಇದ್ದದ್ದು ಗೇಟಿನ ಲೆಕ್ಕ. ಒಂದು ಸಲ ಒತ್ತಿದರೆ ಸ್ವಲ್ಪ ತಿರುಗಬೇಕು, ಎರಡು ಸಲ ಒತ್ತಿದರೆ ಇನ್ನಷ್ಟು, ಒತ್ತಿಯೇ ಹಿಡಿದರೆ ತಿರುಗುತ್ತಲೇ ಹೋಗಬೇಕು. ಅದು ತಿರುಗಲಿಲ್ಲ. ಹತ್ತು ಸಲ ಒತ್ತಿದೆ, ಕಿರುಬೆರಳಷ್ಟು ಬೆಚ್ಚಿ ಸುಮ್ಮನಾಯಿತು. ಒತ್ತಿ ಹಿಡಿದೆ, ಕೇಳಿಸಿಕೊಳ್ಳಲೇ ಇಲ್ಲ. ಸಾಹೇಬರು ಬಂದು ತಾವೂ ಒತ್ತಿ ನೋಡಿದರು. ಒತ್ತುವುದರಲ್ಲಿ ಅವರಿಗೆ ಅನುಭವ ಹೆಚ್ಚು, ಆದರೂ ಅದು ಬಗ್ಗಲಿಲ್ಲ.

ಕೊನೆಗೆ ಯಾದಗಿರಿಯ ಒಂದು ಕಾಲೇಜಿನ ಮೇಷ್ಟರೊಬ್ಬರ ಕೈಕಾಲು ಹಿಡಿದು ಒಂದು ಪುಸ್ತಕ, ಒಂದು ಹಳೆಯ ಆಸಿಲೋಸ್ಕೋಪು ತಂದೆ. ಆಸಿಲೋಸ್ಕೋಪು ಎಂದರೆ ಕರೆಂಟಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ಪುಸ್ತಕ ಓದಿದ ಮೇಲೆ ತಿಳಿದದ್ದು ಇಷ್ಟು, ನೀವೂ ತಿಳಿದುಕೊಳ್ಳಿ. ಈ ಸರ್ವೋಗೆ ಒತ್ತುವವನು ಎಷ್ಟು ಸಲ ಒತ್ತಿದ ಎಂಬುದು ಬೇಕಿಲ್ಲ. ಕಿತ್ತಳೆ ತಂತಿಯಲ್ಲಿ ಕರೆಂಟು ಒಂದು ಕ್ಷಣ ಬಂದು ಹೋಗಬೇಕು, ಅದಕ್ಕೆ ಪಲ್ಸ್ ಎನ್ನುತ್ತಾರೆ. ಎಷ್ಟು ಹೊತ್ತು ಇದ್ದು ಹೋಯಿತೋ ಅದೇ ಆ ಪಲ್ಸಿನ ಅಗಲ. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮಿಲಿಸೆಕೆಂಡು. ಪಲ್ಸು ಒಂದು ಮಿಲಿಸೆಕೆಂಡು ಇದ್ದರೆ ತೋಳು ಈ ಕೊನೆಗೆ ಹೋಗಿ ನಿಲ್ಲುತ್ತದೆ, ಎರಡು ಇದ್ದರೆ ಆ ಕೊನೆಗೆ, ಒಂದೂವರೆ ಇದ್ದರೆ ನಟ್ಟನಡುವೆ. ನಡುವಿನ ಅಗಲಗಳಿಗೆ ನಡುವಿನ ಜಾಗಗಳು. ಅಗಲ ಎಂದರೆ ಜಾಗ, ಅಷ್ಟೇ. ಕೈಯಿಂದ ಒತ್ತುವ ಗುಂಡಿಯಲ್ಲಿ ಅಷ್ಟು ಸಣ್ಣ ಪಲ್ಸು ಹುಟ್ಟುವುದಿಲ್ಲ. ಎಷ್ಟೇ ಚುರುಕಿನ ಬೆರಳಾದರೂ ಅದಕ್ಕೆ ಅದು ಕುಂಭಕರ್ಣನ ನಿದ್ದೆಯಷ್ಟು ಉದ್ದ.

ಒಳಗಿನ ಏರ್ಪಾಡು ಇನ್ನೂ ಚೆಂದ. ಅದರ ಹೊಟ್ಟೆಯಲ್ಲಿ ರೇಡಿಯೊದ ವಾಲ್ಯೂಮು ಗುಂಡಿಯಂಥದ್ದೊಂದು ತೋಳಿನ ದಂಡಕ್ಕೆ ಅಂಟಿಕೊಂಡು, ಅದರ ಜೊತೆಗೇ ತಿರುಗುತ್ತದೆ. ತೋಳು ಈಗ ಎಲ್ಲಿದೆಯೋ ಅದಕ್ಕೆ ತಕ್ಕ ಅಗಲದ ಒಂದು ಪಲ್ಸು ಒಳಗೂ ಹುಟ್ಟುತ್ತದೆ. ಹೊರಗಿನಿಂದ ಬಂದದ್ದನ್ನೂ ಒಳಗಿನದ್ದನ್ನೂ ಸರ್ವೋ ಪಕ್ಕಪಕ್ಕ ಇಟ್ಟು ನೋಡುತ್ತದೆ. ಹೊರಗಿನದು ಅಗಲವಿದ್ದರೆ ಮೋಟಾರು ಒಂದು ಕಡೆ ತಿರುಗುತ್ತದೆ, ಒಳಗಿನದು ಅಗಲವಿದ್ದರೆ ಇನ್ನೊಂದು ಕಡೆ, ಎರಡೂ ಸಮವಾದ ಕೂಡಲೇ ನಿಲ್ಲುತ್ತದೆ. ಆದೇಶ ಬಂದಾಗ ತಾನು ಈಗ ಎಲ್ಲಿದ್ದೇನೆ ಎಂದು ಮೊದಲು ನೋಡಿಕೊಳ್ಳುವ ಇಂಥ ನೌಕರನನ್ನು ನಾನು ನಮ್ಮ ಇಲಾಖೆಯಲ್ಲಿ ಕಂಡಿರಲಿಲ್ಲ. ಆದರೆ ಪಲ್ಸನ್ನು ಒಂದು ಸಲ ಕಳಿಸಿದರೆ ಸಾಲದು, ಸೆಕೆಂಡಿಗೆ ಸುಮಾರು ಐವತ್ತು ಸಲ ಕಳಿಸುತ್ತಲೇ ಇರಬೇಕು. ನಿಲ್ಲಿಸಿದರೆ ತೋಳು ಸಡಿಲವಾಗುತ್ತದೆ, ಬೆರಳಿನಿಂದ ದೂಡಿದರೆ ಸರಿಯುತ್ತದೆ.

ಎಂಟು ಕಾಲಿನ ಒಂದು ಟೈಮರ್ ಐಸಿ, ನಾಲ್ಕಾರು ಬಿಡಿಭಾಗ, ಒಂದು ತಿರುವುಗುಂಡಿ ಸೇರಿಸಿ ಆ ಪಲ್ಸು ಹುಟ್ಟಿಸುವ ಸರ್ಕಿಟ್ಟು ಕಟ್ಟಿದೆ. ಗುಂಡಿ ತಿರುಗಿಸಿದರೆ ಪಲ್ಸಿನ ಅಗಲ ಬದಲಾಗುತ್ತದೆ. ಮೊದಲ ಸಲ ಗುಂಡಿ ಹೊರಳಿಸಿದಾಗ ತೋಳು ಅದರ ಹಿಂದೆಯೇ ಹೊರಳಿತು, ಎಳೆದಲ್ಲಿ ಬಂತು, ಬಿಟ್ಟಲ್ಲಿ ನಿಂತಿತು. ಸಂತೋಷದಲ್ಲಿ ಮಿತಿ ಮೀರಿ ತಿರುಗಿಸಿದೆ. ಅದು ಕೊನೆಗೆ ಬಡಿದು, ಮುಂದೆ ಹೋಗಲು ಜಾಗವಿಲ್ಲದೆ ಗುಂಯ್‌ಗುಡುತ್ತ ಒಂದು ಪ್ಲಾಸ್ಟಿಕ್ ಹಲ್ಲು ಮುರಿದುಕೊಂಡಿತು. ಸುಟ್ಟುಹೋಗಿದ್ದರ ಹಲ್ಲನ್ನು ತೆಗೆದು ಇದಕ್ಕೆ ಕೂಡಿಸಿದೆ. ಸರ್ಕಾರಿ ವರ್ಕ್‌ಶಾಪಿನಲ್ಲಿ ಸತ್ತದ್ದು ಯಾವುದೂ ವ್ಯರ್ಥವಾಗುವುದಿಲ್ಲ.

ಮಾರನೆಯ ದಿನ ಮಧ್ಯಾಹ್ನ ಗುಂಡಿಯನ್ನು ನಡುವಿಗೆ ಇಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಆಸಿಲೋಸ್ಕೋಪಿನ ಪರದೆಯ ಮೇಲೆ ಒಂದೇ ಅಗಲದ ಪಲ್ಸುಗಳು ಸಾಲಾಗಿ ಬರುತ್ತಲೇ ಇದ್ದವು. ನಡುವೆ ನಿಲ್ಲು, ನಡುವೆ ನಿಲ್ಲು, ನಡುವೆ ನಿಲ್ಲು. ನಾನು ಊಟ ಮಾಡಿ ಬರುವಷ್ಟರಲ್ಲಿ ಅದಕ್ಕೆ ಸಾವಿರಾರು ಸಲ ಅದೇ ಮಾತು ಹೇಳಿ ಆಗಿತ್ತು. ತೋಳು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ. ಇದು ಸುತ್ತಿನ ಲೆಕ್ಕದ ಮೋಟಾರಾಗಿದ್ದರೆ ಅಷ್ಟು ಹೊತ್ತಿಗೆ ಎಲ್ಲಿಗೆ ಹೋಗಿರುತ್ತಿತ್ತು ಎಂದು ಸುಮ್ಮನೆ ಯೋಚಿಸಿದೆ. ಆಗ ಹೊಳೆಯಿತು.

ಎಲ್ಲಿ ನಿಲ್ಲಬೇಕು ಎಂದು ಹೇಳಿದರೆ ಎಷ್ಟು ಸಲ ಹೇಳಿದರೂ ಒಂದೇ. ಇನ್ನೆಷ್ಟು ಹೋಗಬೇಕು ಎಂದು ಹೇಳಿದರೆ ಪ್ರತಿ ಸಲವೂ ಹೊಸ ಆದೇಶ. ನಾನು ಮಾನಪ್ಪನಿಗೆ ಎರಡನೆಯ ಥರದ್ದನ್ನು ಎರಡು ಸಲ ಹೇಳಿದ್ದೆ. ಮೊದಲನೆಯ ಸಲ ಅವನು ಉತ್ತರ ಕೊಟ್ಟಿದ್ದಾನೆ, ನನಗೆ ಕೇಳಿಲ್ಲ. ಎರಡು ಸುತ್ತು ಬಿಟ್ಟಿದ್ದಾನೆ. ಹತ್ತು ನಿಮಿಷ ಬಿಟ್ಟು ಅದೇ ಧ್ವನಿ ಮತ್ತೆ ಎರಡು ಸುತ್ತು ಎಂದಿದೆ, ಮತ್ತೆ ಎರಡು ಬಿಟ್ಟಿದ್ದಾನೆ. ಅವನು ಕುಡಿದಿರಲಿಲ್ಲ, ಸುಳ್ಳು ಹೇಳಿರಲಿಲ್ಲ, ಎಣಿಕೆಯನ್ನೂ ತಪ್ಪಿರಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತು ಎನ್ನುತ್ತಾರಲ್ಲ, ಆ ಕೋತಿ ನಾನು. ಕೋತಿಗಾದರೂ ತಾನು ತಿಂದದ್ದು ಗೊತ್ತಿತ್ತು. ನಾನು ನಿಜ ಹೇಳಿದೆ ಎಂಬ ನೆಮ್ಮದಿಯಲ್ಲಿ ಏಳು ತಿಂಗಳು ನಿದ್ದೆ ಮಾಡಿದ್ದೆ. ಆ ದಿನ ನನಗಾದ ನಾಚಿಕೆಯನ್ನು ಇವತ್ತಿಗೂ ಹೇಳಲು ಬಾರದು.

ಸಾಹೇಬರಿಗೆ ಹೇಳಿದೆ. ಅವರು ಬಹಳ ಸಮಾಧಾನದಿಂದ ಕೇಳಿ, ಫೈಲು ಮುಗಿದಿದೆ, ಮುಗಿದ ಫೈಲನ್ನು ತೆಗೆಯುವುದು ಹೂತ ಹೆಣ ತೆಗೆದಂತೆ, ನಿಮ್ಮ ಸರ್ವಿಸಿಗೂ ಒಳ್ಳೆಯದಲ್ಲ ಎಂದರು. ನನ್ನ ಸರ್ವಿಸಿನ ಬಗ್ಗೆ ಅವರು ಕಾಳಜಿ ತೋರಿಸಿದ್ದು ಅದೊಂದೇ ಸಲ. ಆಮೇಲೆ, ಮಾದರಿಯ ಕಾಲುವೆಗೆ ನೀಲಿ ಬಣ್ಣ ಇನ್ನೂ ಸ್ವಲ್ಪ ಗಾಢ ಇರಲಿ ಎಂದರು.

ಭಾನುವಾರ ಯಾದಗಿರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಕೊಂಕಲ್‌ಗೆ ಹೋದೆ. ಮಾನಪ್ಪ ಯಾರದೋ ಹೊಲದ ಹತ್ತಿ ಬಿಡಿಸಿ ಆಗಷ್ಟೇ ಬಂದಿದ್ದ. ನನ್ನನ್ನು ಕಂಡು ಚಾಪೆ ಹಾಸಿದ. ಅವನ ಹೆಂಡತಿ ಬುದ್ಧನ ಪಟದ ಕೆಳಗಿದ್ದ ಪೆಟ್ಟಿಗೆಯಿಂದ ಒಳ್ಳೆಯ ಕಪ್ಪು ತೆಗೆದು ಚಹಾ ಕೊಟ್ಟಳು. ನಾನು ಸರ್ವೋ, ಪಲ್ಸು, ಅಗಲ ಎಂದೆಲ್ಲ ಅರ್ಧ ಗಂಟೆ ಹೇಳಿದೆ. ನೇರವಾಗಿ ಹೇಳಲು ಬಾಯಿ ಬರದವರು ಹಾಗೆಯೇ ಸುತ್ತಿ ಬಳಸಿ ಹೇಳುವುದು. ಕೊನೆಗೆ, ಅವತ್ತು ನಾನೇ ಎರಡು ಸಲ ಹೇಳಿದ್ದೆ, ತಪ್ಪು ನಂದು ಎಂದೆ. ಅವನು ಕಪ್ಪು ಕೆಳಗಿಟ್ಟ.

‘ಅಕ್ಕೋರ, ಎರಡ ಸಲ ಬಂದಿತ್ತಂಬೋದು ನನಗ ಗೊತ್ತದ. ಅವತ್ತೇ ಹೇಳೀನಿ,’ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ‘ನನಗ ಗೊತ್ತಿರೋದನ್ನ ನನಗ ಹೇಳಾಕ ಇಷ್ಟ ದೂರ ಯಾಕ ಬಂದ್ರಿ? ಗೊತ್ತಿಲ್ಲದವ್ರು ನಿಮ್ಮ ಆಫೀಸ್‌ನ್ಯಾಗ ಅದಾರ. ಅವ್ರಿಗೆ ಹೇಳ್ರಿ.’

ವಾಪಸು ಬರುವ ಬಸ್ಸಿನಲ್ಲಿ ಅವನ ಮೇಲೆ ನನಗೆ ಸಿಟ್ಟು ಬಂದಿತ್ತು. ಕ್ಷಮೆ ಕೇಳಲು ಹೋದವರನ್ನು ಹೀಗೆ ಕಳಿಸುವುದೇ ಎಂದು. ಸಿಟ್ಟು ಶಹಾಪುರ ಬರುವ ಹೊತ್ತಿಗೆ ಇಳಿಯಿತು. ಅವನು ಹೇಳಿದ್ದರಲ್ಲಿ ಒಂದು ಅಕ್ಷರ ಹೆಚ್ಚಿರಲಿಲ್ಲ, ಒಂದು ಕಡಿಮೆ ಇರಲಿಲ್ಲ.

ದೊಡ್ಡ ಸಾಹೇಬರು ಬಂದ ದಿನ ಕ್ಯಾಂಪಿಗೆ ಸುಣ್ಣ ಬಳಿದು, ರಂಗೋಲಿ ಹಾಕಿಸಿದ್ದರು. ಪ್ಲೈವುಡ್ಡಿನ ಕಾಲುವೆಯಲ್ಲಿ ಒಂದು ಕೊಡ ನೀರು, ಅದರ ಬಾಯಿಗೆ ಪ್ಲಾಸ್ಟಿಕ್ ಹಾಳೆಯ ಗೇಟು, ಗೇಟನ್ನು ಎತ್ತಲು ನೀಲಿ ಸರ್ವೋ. ನಮ್ಮ ಸಾಹೇಬರು, ಇದು ತಾವು ಬಹಳ ದಿನಗಳಿಂದ ಚಿಂತಿಸಿ ರೂಪಿಸಿದ್ದು ಎಂದು ವಿವರಿಸಿದರು. ದೊಡ್ಡ ಸಾಹೇಬರು ಗುಂಡಿ ತಿರುಗಿಸಿದರು, ಗೇಟು ಎದ್ದಿತು. ಹಿಂದೆ ತಿರುಗಿಸಿದರು, ಇಳಿಯಿತು. ಪೂರ್ತಿ ಏಳಬೇಕಾದರೆ ಎಷ್ಟು ಸಲ ತಿರುಗಿಸಬೇಕು ಎಂದು ಕೇಳಿದರು. ನಮ್ಮ ಇಲಾಖೆಯಲ್ಲಿ ಕೆಳಗಿನಿಂದ ಮೇಲಿನವರೆಗೆ ಎಲ್ಲರ ಪ್ರಶ್ನೆಯೂ ಅದೇ.

ಎಷ್ಟು ಸಲ ಎಂಬುದಿಲ್ಲ ಸರ್, ಎಲ್ಲಿಗೆ ಎಂಬುದಷ್ಟೇ ಎಂದು ಆಸಿಲೋಸ್ಕೋಪಿನ ಪರದೆ ತೋರಿಸಿದೆ. ಇದಕ್ಕೆ ಸೆಕೆಂಡಿಗೆ ಐವತ್ತು ಸಲ ಹೇಳುತ್ತಿದ್ದೇವೆ, ಆದರೂ ಹೇಳಿದ ಜಾಗ ಬಿಟ್ಟು ಕದಲುವುದಿಲ್ಲ ಎಂದೆ. ಅವರಿಗೆ ಅದು ಇಷ್ಟವಾಯಿತು, ಬಗ್ಗಿ ನೋಡಿದರು. ನಮ್ಮ ಸಾಹೇಬರು ಹಾರ ತರಿಸಲು ಕಣ್ಸನ್ನೆ ಮಾಡಿದರು. ಇನ್ನು ತಡಮಾಡಿದರೆ ಹಾರ ಬರುತ್ತದೆ, ಆಮೇಲೆ ಯಾರೂ ಏನೂ ಕೇಳುವುದಿಲ್ಲ ಎಂದು ಗೊತ್ತಿತ್ತು.

‘ಸರ್, ದೋರನಹಳ್ಳಿ ಕಾಲುವಿ ಒಡದದ್ದು ಗೇಟ್‌ಮನ್ ತಪ್ಪಿಲ್ರಿ. ಎರಡ ಸುತ್ತ ಅಂತ ನಾನೇ ಎರಡ ಸಲ ಹೇಳೀನ್ರಿ. ಅಂವ ನಾಕ ಬಿಟ್ಟಾನ. ಅಂವನ್ನ ತಗದೀರಿ,’ ಎಂದೆ.

ದೊಡ್ಡ ಸಾಹೇಬರು ನೆಟ್ಟಗೆ ನಿಂತರು. ‘ವಿಚಾರಣೆಯಲ್ಲಿ ಇದನ್ನು ಯಾಕೆ ಹೇಳಲಿಲ್ಲ?’

‘ಎಷ್ಟ ಆದೇಶ ಅಂತ ಕೇಳಿದ್ರು ಸರ್. ಎಷ್ಟ ಸಲ ಹೇಳಿದಿ ಅಂತ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ರಿ.’

ಹಾರ ಹಿಡಿದು ಬಂದ ಜವಾನ ಬಾಗಿಲಲ್ಲೇ ನಿಂತ. ನಮ್ಮ ಸಾಹೇಬರ ಮುಖದ ಬಣ್ಣ ಮಾದರಿಯ ಕಾಲುವೆಗಿಂತ ಗಾಢವಾಗಿತ್ತು. ದೊಡ್ಡ ಸಾಹೇಬರು ಮತ್ತೇನೂ ಕೇಳದೆ, ಬರೆದುಕೊಡಿ ಎಂದು ಹೊರಟುಹೋದರು. ಅಲ್ಲೇ, ಆ ಮೇಜಿನ ಮೇಲೆಯೇ ಬರೆದುಕೊಟ್ಟೆ.

ಆಮೇಲಿನದ್ದನ್ನು ಬೇಗ ಹೇಳುತ್ತೇನೆ, ಇಲಾಖೆ ಮಾತ್ರ ಬೇಗ ಮಾಡಲಿಲ್ಲ. ನನ್ನ ಒಂದು ಇನ್‌ಕ್ರಿಮೆಂಟು ತಡೆಹಿಡಿದರು, ಸರಿಯಾಗಿಯೇ ಮಾಡಿದರು. ಗೇಟಿನ ಕಲ್ಲುಗಳ ಮೇಲಿನ ಜಾಹೀರಾತು ಅಳಿಸಿ ಮತ್ತೆ ಅಡಿ, ಅಂಗುಲ ಬರೆಸಿದರು. ಇನ್ನು ಮುಂದೆ ಸುತ್ತಿನಲ್ಲಿ ಯಾರೂ ಆದೇಶ ಕೊಡಕೂಡದು, ಗೇಟು ಎಷ್ಟು ಅಡಿಗೆ ನಿಲ್ಲಬೇಕು ಎಂದೇ ಹೇಳಬೇಕು ಎಂದು ಸುತ್ತೋಲೆ ಬಂತು. ಸುತ್ತೋಲೆಗೆ ಸಹಿ ನಮ್ಮ ಸಾಹೇಬರದ್ದೇ, ಈ ಸುಧಾರಣೆಗಾಗಿ ಅವರಿಗೆ ಒಂದು ಪ್ರಶಂಸಾಪತ್ರವೂ ಸಿಕ್ಕಿತು. ಗುಂಡಿಯಿಂದ ಏಳುವ ನಿಜವಾದ ಗೇಟು ಒಂದನ್ನು ಕೂಡಿಸಿದರು. ಅದರ ತಂತಿಯನ್ನು ಮೊದಲ ವರ್ಷ ಇಲಿ ಕಡಿಯಿತು, ಎರಡನೆಯ ವರ್ಷ ಮನುಷ್ಯರು ಕದ್ದರು. ಮತ್ತೆ ಚಕ್ರ ತಿರುಗಿಸಲು ಜನ ಬೇಕಾಯಿತು.

ಮಾನಪ್ಪನನ್ನು ವಾಪಸು ತೆಗೆದುಕೊಂಡರು. ಕೆಲಸದಿಂದ ತೆಗೆದು ಒಂದು ವರ್ಷ ತುಂಬಲು ಇನ್ನು ಹದಿನೈದು ದಿನ ಇತ್ತು. ಅವನು ಬಂದು, ನನ್ನ ಮೇಜಿನಿಂದ ಕೀಲಿ ತೆಗೆದುಕೊಂಡು ಗೇಟಿಗೆ ಹೋದ. ನಾನು ಅವತ್ತು ಸಿಹಿ ಹಂಚಿದೆ, ಋಣ ತೀರಿತು ಎಂದುಕೊಂಡೆ. ಕೆಲವು ವರ್ಷಗಳ ಮೇಲೆ ದಿನಗೂಲಿಯವರನ್ನು ಖಾಯಂ ಮಾಡುವ ಪಟ್ಟಿ ಬಂದಾಗ ತಿಳಿಯಿತು. ಖಾಯಂ ಆಗಬೇಕಾದರೆ ಸೇವೆ ನಡುವೆ ಕಡಿಯದೆ ಸತತವಾಗಿರಬೇಕು. ಮಾನಪ್ಪನ ಸೇವೆ ಆ ಒಂದು ವರ್ಷದಲ್ಲಿ ಕಡಿದಿತ್ತು. ತಪ್ಪು ಅವನದಲ್ಲ ಎಂಬ ಕಾಗದವೂ ಫೈಲಿನಲ್ಲಿತ್ತು, ಕೆಲಸಕ್ಕೆ ಹಾಜರಾಗದ ಅವಧಿ ಎಂಬ ಕಾಗದವೂ ಇತ್ತು. ಎರಡರಲ್ಲಿ ಯಾವುದನ್ನು ಓದಬೇಕು ಎಂಬುದು ಓದುವವರಿಗೆ ಬಿಟ್ಟದ್ದು, ಅವರು ಎರಡನೆಯದನ್ನು ಓದಿದರು. ನಾನು ಮೂರು ಅರ್ಜಿ ಬರೆದೆ, ಬೆಂಗಳೂರಿಗೂ ಹೋಗಿ ಬಂದೆ. ಏನೂ ಆಗಲಿಲ್ಲ. ನಾನು ಪಿಂಚಣಿ ಪಡೆದು ಮನೆಯಲ್ಲಿ ಕೂತಿದ್ದೇನೆ. ಅವನು ತೋಳಿನಲ್ಲಿ ಚಕ್ರ ತಿರುಗಿಸುವ ಶಕ್ತಿ ಇರುವವರೆಗೆ ತಿರುಗಿಸಿ, ಬರಿಗೈಯಲ್ಲಿ ಊರಿಗೆ ಹೋದ.

ಮಕ್ಕಳೇ, ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡಿ ಎಂದು ಸೇರಿದ ದಿನವೇ ನಿಮಗೆ ಹಿರಿಯರು ಹೇಳಿಕೊಡುತ್ತಾರೆ. ಸರ್ವಿಸಿಗೆ ಅದು ಬಹಳ ಒಳ್ಳೆಯ ಬುದ್ಧಿಮಾತು, ನನಗೆ ಅದರಿಂದ ಪೂರ್ತಿ ಪಿಂಚಣಿ ಸಿಕ್ಕಿದೆ.

ಇದನ್ನು ಬರೆಯುತ್ತೇನೆ ಎಂದು ಹೇಳಲು ಹೋದ ತಿಂಗಳು ಕೊಂಕಲ್‌ಗೆ ಹೋಗಿದ್ದೆ. ಹೆಸರು ಬೇಡವಾದರೆ ಬದಲಿಸುತ್ತೇನೆ ಎಂದು ಮಾನಪ್ಪನಿಗೆ ಹೇಳಿದೆ.

‘ಬದಲಿ ಮಾಡಬ್ಯಾಡ್ರಿ ಅಕ್ಕೋರ,’ ಎಂದ. ‘ಆ ಫೈಲ್‌ನ್ಯಾಗ ಮೊದ್ಲಿಂದ ಕಡೀತನಕ ಬರೇ ಸದರಿ ದಿನಗೂಲಿ ನೌಕರ, ಸದರಿ ದಿನಗೂಲಿ ನೌಕರ ಅಂತ ಅದ. ನನ್ನ ಮಗಳು ಓದಿ ಹೇಳ್ಯಾಳ. ನೀವು ಹೆಸ್ರು ಪೂರಾ ಬರೀರಿ.’

ಬರೆಯುತ್ತಿದ್ದೇನೆ. ಮಾನಪ್ಪ, ತಂದೆ ಭೀಮಪ್ಪ, ಸಾಕಿನ ಕೊಂಕಲ್. ಆದೇಶ ಎರಡು ಸಲ ಬಂದಿತ್ತು.